ಜೆರಿಕೋದವರು ಗೋಡೆ ಕಟ್ಟಿದ್ದು ಯಾಕೆ?

ಜೆರಿಕೋ ಅಂದ್ರೆ ಬೈಬಲ್ ಓದಿರೋರಿಗೆ ಮೊದಲು ನೆನಪಾಗೋದು ಯೆಹೋಶುವನ ಕಥೆ, ಕೊಂಬು ಊದಿ ಜನ ಒಟ್ಟಿಗೆ ಕೂಗಿದ್ರು, ಊರಿನ ಗೋಡೆ ಬಿದ್ದೋಯ್ತು ಅನ್ನೋದು. ಆ ಬಿದ್ದ ಗೋಡೆ ಹುಡುಕ್ಕೊಂಡೇ ಎಷ್ಟೋ ಜನ ಪ್ಯಾಲೆಸ್ಟೈನಿನ ವೆಸ್ಟ್ ಬ್ಯಾಂಕಲ್ಲಿರೋ, ಹಳೇ ಜೆರಿಕೋ ಇದ್ದ ಟೆಲ್ ಎಸ್-ಸುಲ್ತಾನ್ ದಿಬ್ಬಕ್ಕೆ ಬಂದಿದ್ದು. 1868ರಲ್ಲಿ ಚಾರ್ಲ್ಸ್ ವಾರನ್ ಗುಂಡಿ ತೋಡಿಸಿದ್ರು, ಅಂಥದ್ದೇನೂ ಸಿಗ್ಲಿಲ್ಲ. 1930ರ ದಶಕದಲ್ಲಿ ಜಾನ್ ಗಾರ್‌ಸ್ಟಾಂಗ್ ಅಗೆದು, ಕುಸಿದ ಗೋಡೆ ಸಿಕ್ತು, ಇದೇ ಅದು ಅಂದ್ಬಿಟ್ರು.

ಅದನ್ನ ತಿದ್ದಿದ್ದು ಪುರಾತತ್ವ ತಜ್ಞೆ ಕ್ಯಾಥ್ಲೀನ್ ಕೆನ್ಯನ್. ಇವರು ಮಾರ್ಟಿಮರ್ ವೀಲರ್ ಹತ್ರ ಕೆಲಸ ಕಲಿತವರು, ಅದೇ ವೀಲರ್ 1947ರಲ್ಲಿ ನಮ್ಮ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರೀಲಿ ಅಗೆದಿದ್ದು. ಸಿಕ್ಕಿದ್ದನ್ನ ಎತ್ಕೊಳ್ಳೋದಲ್ಲ, ಯಾವ ಮಣ್ಣಿನ ಪದರದಲ್ಲಿ ಏನಿತ್ತು ಅಂತ ಬರೆದಿಟ್ಕೊಂಡೇ ಕೆಳಗಿಳೀಬೇಕು ಅನ್ನೋದು ಇಬ್ಬರದ್ದೂ ಹಠ. ಹಾಗೆ 1952ರಿಂದ 1958ರವರೆಗೆ ಅಗೆದಾಗ, ಗಾರ್‌ಸ್ಟಾಂಗ್ ತೋರಿಸಿದ ಗೋಡೆ ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೇದು ಅಂತ ಗೊತ್ತಾಯ್ತು.

ಆದ್ರೆ ನನಗೆ ಮೈ ಜುಂ ಅನ್ನಿಸೋದು ಅದಕ್ಕೂ ಎಷ್ಟೋ ಕೆಳಗೆ ಸಿಕ್ಕಿದ್ದು. ಹತ್ತು ಸಾವಿರ ವರ್ಷದ ಹಿಂದಿನ ಕಲ್ಲಿನ ಗೋಡೆ, ಅದರ ಹೊರಗೆ ಬಂಡೇಲೇ ಕಡಿದ ಕಂದಕ, ಒಳಗೆ ಗೋಡೆಗೆ ಅಂಟ್ಕೊಂಡು ಸುಮಾರು 8.5 ಮೀಟರ್ ಎತ್ತರದ ಗೋಪುರ, ಆ ಗೋಪುರದ ಹೊಟ್ಟೆಯೊಳಗೇ ಹತ್ತೋಕೆ 22 ಮೆಟ್ಟಿಲು! ಇದನ್ನ ಕಟ್ಟಿದವರಿಗೆ ಮಡಕೆ ಮಾಡೋದು ಗೊತ್ತಿರ್ಲಿಲ್ಲ, ಲೋಹ ಇರ್ಲಿಲ್ಲ, ಬೇಸಾಯ ಆಗಷ್ಟೇ ಶುರುವಾಗಿತ್ತು, ಬರೀ ಕಲ್ಲಿನ ಉಪಕರಣದಲ್ಲಿ ಬಂಡೆ ಕಡಿದಿದ್ದಾರೆ. ಪಕ್ಕದಲ್ಲಿ ವರ್ಷಪೂರ್ತಿ ನೀರಿರೋ ಚಿಲುಮೆ ಇತ್ತು, ಅದಕ್ಕೇ ಆ ಒಣ ಕಣಿವೇಲಿ ಜನ ನೆಲೆ ನಿಂತಿದ್ದು.

ಕೆನ್ಯನ್ ಇದನ್ನ ಶತ್ರುಗಳಿಂದ ಕಾಪಾಡ್ಕೊಳ್ಳೋ ಕೋಟೆ ಅಂದ್ರು. 1986ರಲ್ಲಿ ಇನ್ನೊಬ್ಬ ಪುರಾತತ್ವ ತಜ್ಞ ಓಫರ್ ಬಾರ್-ಯೋಸೆಫ್ ಒಪ್ಪಲಿಲ್ಲ, ಆ ಕಾಲದಲ್ಲಿ ಅಷ್ಟು ದೊಡ್ಡ ಯುದ್ಧ ನಡೆದಿದ್ದಕ್ಕೆ ಸಾಕ್ಷಿ ಎಲ್ಲಿ, ಇದು ಮಳೆಗಾಲದಲ್ಲಿ ನುಗ್ಗೋ ನೀರು ಕೆಸರು ತಡೆಯೋ ಗೋಡೆ ಅಂದ್ರು. ಗೋಡೆ ಮಟ್ಟಿಗೆ ನನಗೂ ಈ ಮಾತೇ ಸರಿ ಅನ್ಸುತ್ತೆ. ಗೋಪುರ ಮಾತ್ರ ಇದಕ್ಕೆ ಹೊಂದಲ್ಲ, ಕೆಸರು ತಡೆಯೋಕೆ ಮೆಟ್ಟಿಲು ಯಾಕೆ ಬೇಕು? ಅದಕ್ಕೇ 2011ರಲ್ಲಿ ಇಬ್ಬರು ಸಂಶೋಧಕರು, ವರ್ಷದ ಅತಿ ಉದ್ದದ ಹಗಲು ಸೂರ್ಯ ಮುಳುಗುವಾಗ ಬೆಟ್ಟದ ನೆರಳು ಮೊದಲು ಬೀಳೋದು ಈ ಗೋಪುರದ ಮೇಲೆ ಅಂತ ಲೆಕ್ಕ ಹಾಕಿ ತೋರಿಸಿ, ಗೋಪುರ ಕಟ್ಟಿದ್ದಕ್ಕೂ ಅದಕ್ಕೂ ನಂಟಿದೆ ಅಂದ್ರು. 2023ರಲ್ಲಿ ಯುನೆಸ್ಕೋ ಈ ಜಾಗಾನ ವಿಶ್ವ ಪರಂಪರೆ ಪಟ್ಟಿಗೆ ಸೇರಿಸ್ತು, ಗೋಪುರ ಯಾಕೆ ಕಟ್ಟಿದ್ರು ಅನ್ನೋ ವಾದ ಇನ್ನೂ ಮುಗಿದಿಲ್ಲ.