ಪಾತ್ರ ಬೇಕಾದರೆ ದುಡ್ಡು ಕೊಡಬೇಕಾ?

ಪ್ರಶ್ನೆ: ನಾನು ಮಧುಗಿರಿ ಹತ್ತಿರದ ಹಳ್ಳಿಯವನು. ಕಾಲೇಜಿನಲ್ಲಿ 400 ಮೀಟರ್ ಓಡುತ್ತಿದ್ದೆ. ಮೈಕಟ್ಟು ಚೆನ್ನಾಗಿದೆ ಅಂತ ತುಮಕೂರಿನ ಬಟ್ಟೆ ಅಂಗಡಿಯೊಂದರ ಜಾಹೀರಾತಿಗೆ ನನ್ನ ಫೋಟೊ ತೆಗೆದರು. ಈಗ ಬೆಂಗಳೂರಿನವರೊಬ್ಬರು ಮಾಡೆಲಿಂಗ್ ಪೋರ್ಟ್‌ಫೋಲಿಯೊ ಮಾಡಿಸ್ತೀನಿ, ಆಮೇಲೆ ಸೀರಿಯಲ್‌ನಲ್ಲಿ ಪಾತ್ರ ಕೊಡಿಸ್ತೀನಿ ಅಂತ ದುಡ್ಡು ಕೇಳುತ್ತಿದ್ದಾರೆ. ಕೊಡಲಾ? ಈ ದಾರಿಯಲ್ಲಿ ನಟನಾಗಬಹುದಾ?

ಉತ್ತರ: ನಟನಾಗಬಹುದು. ದುಡ್ಡು ಮಾತ್ರ ಕೊಡಬೇಡಿ.

ನಮ್ಮ ಸೀಮೆಯವರು ಈ ಬಲೆಗೆ ಬೀಳಲು ಒಂದು ಕಾರಣವಿದೆ ಅನ್ನಿಸುತ್ತದೆ. ಊರಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಪಾತ್ರಧಾರಿಯೇ ಕೈಯಿಂದ ಹಾಕಬೇಕು. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಜಾಸ್ತಿ. ಹಾರ್ಮೋನಿಯಂ ಮೇಷ್ಟ್ರು, ಸೀನರಿ, ಡ್ರೆಸ್ಸು ಎಲ್ಲ ಆ ದುಡ್ಡಲ್ಲೇ. ನಾನೂ ಒಮ್ಮೆ ಸಹದೇವನಾಗಿದ್ದೆ. ನನ್ನ ಜೇಬಿಗೆ ಹೊಂದಿದ್ದು ಅದೊಂದೇ! ಹಾಗಾಗಿ ಪಾತ್ರಕ್ಕೆ ದುಡ್ಡು ಅಂದರೆ ನಮಗೆ ವಿಚಿತ್ರ ಅನ್ನಿಸುವುದೇ ಇಲ್ಲ. ಆದರೆ ಅದು ಊರಿನ ಖುಷಿಗೆ ಆಡುವ ನಾಟಕ. ಸೀರಿಯಲ್ಲು, ಜಾಹೀರಾತು ದುಡಿಮೆ. ಅಲ್ಲಿ ದಿನಕ್ಕಿಷ್ಟು ಅಂತ ಅವರು ನಿಮಗೆ ಕೊಡಬೇಕು.

ಆಟದ ಮೈದಾನದಿಂದ ನಟನೆಗೆ ಬಂದವರು ಇದ್ದಾರೆ. ಮಿಲಿಂದ್ ಸೋಮನ್ ಈಜಿನಲ್ಲಿ ರಾಷ್ಟ್ರೀಯ ಚಾಂಪಿಯನ್, ಆಮೇಲೆ ಮಾಡೆಲ್, ಆಮೇಲೆ ನಟ. ಬ್ಯಾಡ್ಮಿಂಟನ್ ಆಡುತ್ತಿದ್ದ ದೀಪಿಕಾ ಪಡುಕೋಣೆ ಮಾಡೆಲಿಂಗ್ ಮಾಡಿ, 2006ರಲ್ಲಿ ಕನ್ನಡ ಚಿತ್ರದಿಂದಲೇ ತೆರೆಗೆ ಬಂದರು. ಇವರಿಬ್ಬರೂ ನಗರದಲ್ಲಿ ಬೆಳೆದವರು ಬಿಡಿ. ಪಂಜಾಬಿನ ಹಳ್ಳಿಯ ಪ್ರವೀಣ್ ಕುಮಾರ್ ಸೋಬ್ತಿ 1966 ಮತ್ತು 1970ರ ಏಷ್ಯನ್ ಗೇಮ್ಸ್‌ನಲ್ಲಿ ಡಿಸ್ಕಸ್ ಎಸೆದು ಚಿನ್ನ ಗೆದ್ದವರು. 1988ರಲ್ಲಿ ಶುರುವಾದ ಟಿವಿ ಮಹಾಭಾರತದ ಭೀಮ ಅವರೇ.

ಮಾಡೆಲಿಂಗ್‌ನಿಂದ ಕಲಿಯುವುದೂ ಇದೆ. ಬೆಳಕು ಎಲ್ಲಿಂದ ಬೀಳುತ್ತಿದೆ, ಗುರುತು ಹಾಕಿದ ಜಾಗದಲ್ಲೇ ಹೇಗೆ ನಿಲ್ಲಬೇಕು, ಹತ್ತು ಜನ ನೋಡುತ್ತಿದ್ದರೂ ಹೇಗೆ ಸಂಕೋಚಪಡಬಾರದು ಅನ್ನೋದು ಗೊತ್ತಾಗುತ್ತದೆ. ಮಾತು ಮಾತ್ರ ಅಲ್ಲಿ ಯಾರೂ ಕಲಿಸಲ್ಲ. ಇನ್ನು ಓಟಗಾರನ ಮೈಗೆ ಅದರದ್ದೇ ಅಭ್ಯಾಸ ಇರುತ್ತದೆ. ಕ್ಯಾಮೆರಾ ಎದುರು ಬಂದ ಕೂಡಲೇ ಎದೆ ಮುಂದೆ, ಉಸಿರು ಬಿಗಿ, ಕೊನೆಯ 50 ಮೀಟರ್ ಓಡುವಾಗಿನ ಹಾಗೆ ದವಡೆ ಗಟ್ಟಿ. ಫೋಟೊದಲ್ಲಿ ಗತ್ತಾಗಿ ಕಾಣುತ್ತದೆ. ಅದೇ ಮುಖದಲ್ಲಿ ‘ಅಮ್ಮಾ, ಊಟ ಆಯ್ತಾ?’ ಅಂತ ಕೇಳಿ ನೋಡಿ. ಜಗಳಕ್ಕೆ ಬಂದಂತಿರುತ್ತದೆ.

ಅದಕ್ಕೇ ರಂಗಭೂಮಿ ಬೇಕು ಅನ್ನುವುದು. ನೀವು ಗುಬ್ಬಿ ವೀರಣ್ಣನವರ ಜಿಲ್ಲೆಯವರು. ಡಾ. ರಾಜ್‌ಕುಮಾರ್ ಪಳಗಿದ್ದು ಅವರ ಕಂಪನಿಯಲ್ಲೇ, ಅಲ್ವಾ? ಒಂದು ವರ್ಷ ಬಿಡುವು ಮಾಡಿಕೊಳ್ಳಲು ಆಗುವುದಾದರೆ ಹೆಗ್ಗೋಡಿನ ನೀನಾಸಂ ಅಥವಾ ಸಾಣೇಹಳ್ಳಿಯ ರಂಗಶಾಲೆಗೆ ಅರ್ಜಿ ಹಾಕಿ. ಆಗದಿದ್ದರೆ ತುಮಕೂರಿನಲ್ಲೇ ಯಾವುದಾದರೂ ಹವ್ಯಾಸಿ ತಂಡ ಸೇರಿ. ಬೆಂಗಳೂರು ಅಲ್ಲಿಂದ 70 ಕಿ.ಮೀ. ಅಷ್ಟೇ. ಬೆಳಗಿನ ರೈಲು ಹಿಡಿದು ಆಡಿಷನ್ ಮುಗಿಸಿ ಸಂಜೆ ವಾಪಸ್ ಬರಬಹುದು. ಸುಮ್ನೆ ಅಲ್ಲಿ ಬಾಡಿಗೆ ಕಟ್ಟಿಕೊಂಡು ಕೂರಬೇಡಿ.

ಶುರುವಿಗೆ ಮೊಬೈಲ್ ಸಾಕು. ಖಾಲಿ ಗೋಡೆ ಮುಂದೆ, ಹಗಲು ಬೆಳಕಲ್ಲಿ, ಫಿಲ್ಟರ್ ಇಲ್ಲದೆ ಮುಖದ್ದೊಂದು, ಪಕ್ಕದಿಂದ ಒಂದು, ಪೂರ್ತಿ ನಿಂತದ್ದೊಂದು ಫೋಟೊ. ಹೆಸರು, ವಯಸ್ಸು, ಎತ್ತರ ಹೇಳಿ, ನಾಲ್ಕು ಸಾಲು ಮಾತಾಡುವ ವಿಡಿಯೊ. ನಿಮ್ಮ ಕಡೆಯ ತೆಲುಗು ಬೆರೆತ ಧಾಟಿ ಇದ್ದರೆ ಮುಚ್ಚಿಡಬೇಡಿ, ಅದು ಬೇಕಾದ ಪಾತ್ರವೂ ಇರುತ್ತದೆ. ಓಟದಲ್ಲಿ ಮೊದಲು ಬಂದವನನ್ನು ಯಾರೂ ಬೇಡ ಅನ್ನುವಂತಿಲ್ಲ. ಇಲ್ಲಿ ಹೀರೊಗಿಂತ ಎರಡಿಂಚು ಎತ್ತರ ಇದ್ದೀರಿ ಅಂತಲೂ ವಾಪಸ್ ಕಳಿಸುತ್ತಾರೆ. ಮೊದಮೊದಲು ಅದು ತುಂಬಾ ಚುಚ್ಚುತ್ತದೆ.

ಇನ್ನು ಆ ಬೆಂಗಳೂರಿನವರಿಗೆ, ‘ಸರ್, ನನ್ನ ಮೊದಲ ಪೇಮೆಂಟಿನಲ್ಲಿ ಹಿಡಿದುಕೊಳ್ಳಿ’ ಅಂತ ಹೇಳಿ. ಮತ್ತೆ ಫೋನ್ ಮಾಡಿದರೆ ನನಗೂ ತಿಳಿಸಿ.