ನ್ಯೂಯಾರ್ಕಿನ 'ರ್': ತಲೆಮಾರಿನ ವ್ಯತ್ಯಾಸವನ್ನು ಓದುವುದು ಹೇಗೆ?

ಒಂದು ಊರಿನಲ್ಲಿ ವಯಸ್ಸಾದವರು ಒಂದು ಥರ ಮಾತಾಡುತ್ತಾರೆ, ಹುಡುಗರು ಇನ್ನೊಂದು ಥರ. ಹಾಗಂತ ಆ ಊರಿನ ಉಚ್ಚಾರಣೆ ಬದಲಾಗುತ್ತಿದೆ ಎಂದು ಉತ್ತರಪತ್ರಿಕೆಯಲ್ಲಿ ಬರೆದುಬಿಡಬಹುದೇ? ಅವಸರ ಬೇಡ. ಮೊದಲು ಅಮೆರಿಕದ ಭಾಷಾವಿಜ್ಞಾನಿ ವಿಲಿಯಂ ಲಬೋವ್ 1962ರಲ್ಲಿ ಮಾಡಿದ ಅಂಗಡಿ ಅಧ್ಯಯನ ನೋಡೋಣ.

ಆಗ ನ್ಯೂಯಾರ್ಕಿನ ಎಷ್ಟೋ ಜನ 'ಕಾರ್' ಎನ್ನುವಾಗ ಕೊನೆಯ 'ರ್' ನುಂಗುತ್ತಿದ್ದರು, ಲಂಡನ್ನಿನವರ ಹಾಗೆ. ಮೊದಲು ಅದು ಕೀಳು ಮಾತೇನೂ ಆಗಿರಲಿಲ್ಲ. ಸಿರಿವಂತ ಮನೆತನದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಮಾತಾಡುತ್ತಿದ್ದುದೂ ಹಾಗೆಯೇ. ಎರಡನೇ ಮಹಾಯುದ್ಧದ ನಂತರ ಗಾಳಿ ತಿರುಗಿತು, 'ರ್' ಹೇಳುವುದೇ ದೊಡ್ಡಸ್ತಿಕೆಯಾಯಿತು. (ನಮಗೆ ಈ ತಾಪತ್ರಯ ಇಲ್ಲ. ಬರೆದಿರುವ 'ರ್' ಎಲ್ಲವನ್ನೂ ಹೇಳಿಬಿಡುತ್ತೇವೆ, ಅಲ್ವಾ?)

ಲಬೋವ್ ಆರಿಸಿಕೊಂಡದ್ದು ಮೂರು ದೊಡ್ಡ ಅಂಗಡಿ: ದುಬಾರಿಯ ಸ್ಯಾಕ್ಸ್, ಮಧ್ಯಮ ದರ್ಜೆಯ ಮೇಸೀಸ್, ಅಗ್ಗದ ಎಸ್. ಕ್ಲೈನ್. ನಾಲ್ಕನೇ ಮಹಡಿಯಲ್ಲಿ ಏನು ಸಿಗುತ್ತದೆ ಎಂದು ಮೊದಲೇ ನೋಡಿಕೊಂಡು, ಅದು ಎಲ್ಲಿದೆ ಎಂದು ಕೆಲಸದವರನ್ನು ಕೇಳುವುದು. 'ಫೋರ್ತ್ ಫ್ಲೋರ್' ಎಂಬ ಉತ್ತರ ಬಂದೇ ಬರುತ್ತದೆ. ಕಿವಿಗೆ ಬೀಳದವರಂತೆ ನಟಿಸಿ ಮತ್ತೆ ಕೇಳಿದರೆ, ಅವರು ಇನ್ನಷ್ಟು ಬಿಡಿಸಿ ಹೇಳುತ್ತಾರೆ. ಆಮೇಲೆ ಅತ್ತ ಸರಿದು ಸುಮ್ನೆ ಗುರುತು ಹಾಕಿಕೊಳ್ಳುವುದು. ಹೀಗೆ 264 ಜನರ ಮಾತು ಸಿಕ್ಕಿತು, ಯಾರಿಗೂ ಅನುಮಾನ ಬರಲಿಲ್ಲ. ಒಮ್ಮೆಯಾದರೂ 'ರ್' ಹೇಳಿದವರು ಸ್ಯಾಕ್ಸ್‌ನಲ್ಲಿ ಶೇ. 62, ಮೇಸೀಸ್‌ನಲ್ಲಿ ಶೇ. 51. ಕ್ಲೈನ್‌ನಲ್ಲಿ ಹೆಚ್ಚುಕಡಿಮೆ ಐವರಲ್ಲಿ ಒಬ್ಬರು.

ಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತವೆ. ನನಗೆ ಜಾಸ್ತಿ ರುಚಿಸುವುದು ವಯಸ್ಸಿನ ಲೆಕ್ಕ. ಸ್ಯಾಕ್ಸ್‌ನಲ್ಲಿ ಕಿರಿಯರ ಬಾಯಲ್ಲಿ 'ರ್' ಜಾಸ್ತಿ, ಹಿರಿಯರಲ್ಲಿ ಕಡಿಮೆ. ಹೊಸ ರೂಢಿ ಬರುತ್ತಿದ್ದರೆ ಇರಬೇಕಾದದ್ದೇ ಹೀಗೆ. ಮೇಸೀಸ್‌ನಲ್ಲಿ ಮಾತ್ರ ತಿರುಗುಮುರುಗು: ಹಿರಿಯರಲ್ಲೇ ಜಾಸ್ತಿ! ಹಾಗಾದರೆ ಅಲ್ಲಿ 'ರ್' ಸಾಯುತ್ತಿತ್ತೇ? ಇಲ್ಲ. ಮೇಸೀಸ್ ಕೆಲಸದವರಂಥ ಕೆಳಮಧ್ಯಮ ವರ್ಗದವರು ನಡುವಯಸ್ಸಿನಲ್ಲಿ ಮೇಲಿನವರ ಹೊಸ ಮಾತನ್ನು ಹಿಡಿಯುತ್ತಾರೆ ಎಂಬುದು ಲಬೋವ್ ವಿವರಣೆ. ತಮ್ಮ ಮಾತಿನ ಬಗ್ಗೆ ಅಳುಕು ಹೆಚ್ಚಾಗಿರುವುದು ಅವರಿಗೇ.

ಇಂದಿನ ಹಿರಿಯರನ್ನೂ ಕಿರಿಯರನ್ನೂ ಅಕ್ಕಪಕ್ಕ ಇಟ್ಟು ಬದಲಾವಣೆ ಊಹಿಸುವುದಕ್ಕೆ 'ಅಪ್ಯಾರೆಂಟ್ ಟೈಮ್' ವಿಧಾನ ಎನ್ನುತ್ತಾರೆ. ಬೆಳೆದ ಮೇಲೆ ಮಾತು ಬದಲಾಗದು ಎಂಬ ನಂಬಿಕೆಯ ಮೇಲೆ ಅದು ನಿಂತಿದೆ. ವರ್ಷಗಳ ನಂತರ ಮತ್ತೆ ಹೋಗಿ ಅಳೆಯುವುದು 'ರಿಯಲ್ ಟೈಮ್'. ನ್ಯೂಯಾರ್ಕಿನ ಅಂಗಡಿಗಳಲ್ಲಿ 1986ರಲ್ಲೂ 2009ರಲ್ಲೂ ಇದೇ ಪ್ರಯೋಗ ಮತ್ತೆ ನಡೆಯಿತು. 'ರ್' ನಿಜವಾಗಿಯೂ ಹೆಚ್ಚಿತ್ತು.

ಆ ನಂಬಿಕೆ ಎಷ್ಟು ಗಟ್ಟಿ? ರಾಣಿ ಎರಡನೇ ಎಲಿಜಬೆತ್ ಅವರ ಕ್ರಿಸ್‌ಮಸ್ ಭಾಷಣಗಳನ್ನು ಧ್ವನಿವಿಜ್ಞಾನಿ ಜೊನಾಥನ್ ಹ್ಯಾರಿಂಗ್ಟನ್ ಮತ್ತು ಜೊತೆಗಾರರು ಅಳೆದು ನೋಡಿ, 2000ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದರು. 1950ರ ದಶಕದಲ್ಲಿ ರಾಣಿಯವರ 'ಹ್ಯಾಡ್' ಹೆಚ್ಚುಕಡಿಮೆ 'ಹೆಡ್' ಎಂದು ಕೇಳುತ್ತಿತ್ತು. 1980ರ ದಶಕದ ಹೊತ್ತಿಗೆ ಅವರ ಸ್ವರಗಳು ಜನಸಾಮಾನ್ಯರಿಗೆ ಹತ್ತಿರವಾದ ದಕ್ಷಿಣ ಇಂಗ್ಲೆಂಡಿನ ಮಾತಿನತ್ತ ಸರಿದಿದ್ದವು, ಪೂರ್ತಿ ಹೋಗಿ ಸೇರಲಿಲ್ಲ ಅಷ್ಟೇ. ಹಿರಿಯರೂ ಹೀಗೆ ಕಿರಿಯರ ಕಡೆಗೆ ಜರುಗುವುದಾದರೆ, ಇಂದು ಅವರಿಬ್ಬರ ನಡುವೆ ಕಾಣುವ ಅಂತರ ನಿಜವಾಗಿ ನಡೆದ ಬದಲಾವಣೆಗಿಂತ ಕಡಿಮೆಯೇ ಇರಬಹುದು.