ಕಣ್ಣಿಗೆ ಹಾಕಿದ ಹನಿ ರಕ್ತಕ್ಕೂ ಇಳಿಯುತ್ತದೆ

ಕಣ್ಣಿನ ಪೊರೆ ಆಪರೇಷನ್ ಆದವರನ್ನು ಕೇಳಿ ನೋಡಿ: ಡ್ರಾಪ್ಸ್ ಹಾಕಿಕೊಂಡ ಸ್ವಲ್ಪ ಹೊತ್ತಿಗೆ ಗಂಟಲು ಕಹಿಯಾಗುತ್ತದೆ ಅನ್ನುತ್ತಾರೆ. ಅದು ಭ್ರಮೆಯಲ್ಲ. ಬಾಟಲಿಯಿಂದ ಬೀಳುವ ಒಂದು ಹನಿ 30ರಿಂದ 50 ಮೈಕ್ರೋಲೀಟರ್. ಕಣ್ಣು ಹಿಡಿದಿಟ್ಟುಕೊಳ್ಳುವುದು ಹೆಚ್ಚೆಂದರೆ 30. ಮಿಕ್ಕಿದ್ದರಲ್ಲಿ ಒಂದಷ್ಟು ಕೆನ್ನೆಗೆ ಹರಿದರೆ, ಒಂದಷ್ಟು ಕಣ್ಣಿನ ಒಳಮೂಲೆಯ ನಾಳದಲ್ಲಿ ಮೂಗಿಗೆ, ಅಲ್ಲಿಂದ ಗಂಟಲಿಗೆ ಇಳಿಯುತ್ತದೆ. ಮೂಗಿನ ಒಳಪೊರೆ ಹೀರಿಕೊಂಡ ಔಷಧಿ ನೇರ ರಕ್ತ ಸೇರುತ್ತದೆ.

ಉರಿಯೂತಕ್ಕೆ ಕೊಡುವ ಡೆಕ್ಸಾಮೆಥಾಸೋನ್‌ನಂಥ ಸ್ಟೀರಾಯ್ಡ್ ಹನಿಗೂ ಇದೇ ದಾರಿ. ಪ್ರಮಾಣ ತೀರ ಸಣ್ಣದು, ಯಕೃತ್ತಿನ ಸಿವೈಪಿ3ಎ4 ಎಂಬ ಕಿಣ್ವ ಅದನ್ನೂ ಒಡೆದು ಹಾಕುತ್ತದೆ. ಹಾಗಾಗಿ ಬಹಳಷ್ಟು ಜನರಿಗೆ ಏನೂ ಆಗದು. ಆದರೆ ಎಚ್‌ಐವಿ ಚಿಕಿತ್ಸೆಯ ರಿಟೊನಾವಿರ್, ಕೊಬಿಸಿಸ್ಟಾಟ್ ಈ ಕಿಣ್ವದ ಕೈಕಟ್ಟುತ್ತವೆ. ಆಗ ಒಡೆಯದ ಸ್ಟೀರಾಯ್ಡ್ ರಕ್ತದಲ್ಲಿ ಕೂಡುತ್ತಾ ಹೋಗುತ್ತದೆ. ದಿನಕ್ಕೆ ಹಲವು ಸಲ, ವಾರಗಟ್ಟಲೆ ಹನಿ ಹಾಕಿಕೊಂಡರೆ ಮುಖ ದುಂಡಗೆ ಊದಿಕೊಳ್ಳಬಹುದು, ಮೂತ್ರಪಿಂಡದ ಮೇಲಿರುವ ಅಡ್ರಿನಲ್ ಗ್ರಂಥಿ ತನ್ನದೇ ಹಾರ್ಮೋನು ತಯಾರಿಸುವುದನ್ನು ಕಡಿಮೆ ಮಾಡಬಹುದು. ಹುಳುಕಡ್ಡಿಗೆಂದು ನಮ್ಮಲ್ಲಿ ಎಷ್ಟೋ ಜನ ನುಂಗುವ ಇಟ್ರಾಕೊನಜೋಲ್ ಕೂಡ ಇದೇ ಕಿಣ್ವವನ್ನು ಬಲವಾಗಿ ತಡೆಯುತ್ತದೆ.

ಕಣ್ಣಿನ ಡಾಕ್ಟರ ಮುಂದೆ ನಾವು ಶುಗರ್, ಬಿಪಿ ಹೇಳುತ್ತೇವೆ. ಚರ್ಮದ ಮಾತ್ರೆಗೂ ಕಣ್ಣಿಗೂ ಏನು ಸಂಬಂಧ ಎಂದು ಸುಮ್ಮನಾಗುತ್ತೇವೆ. ಎಚ್‌ಐವಿ ಮಾತ್ರೆಯನ್ನಂತೂ ಭಯಕ್ಕೆ ಮುಚ್ಚಿಡುತ್ತಾರೆ. ಅವರನ್ನು ದೂರಲು ನನಗೆ ಮನಸ್ಸು ಬರುವುದಿಲ್ಲ. ಹೇಳಿದವರನ್ನು ನಾವು ಹೇಗೆ ನಡೆಸಿಕೊಂಡಿದ್ದೇವೆ ಎಂಬುದು ಗೊತ್ತೇ ಇದೆ. ಆದರೂ ಆ ಮಾತ್ರೆಯ ಹೆಸರು ಚೀಟಿಯಲ್ಲಿದ್ದರೆ ಡಾಕ್ಟರು ಬೇರೆ ಹನಿ ಯೋಚಿಸಬಹುದು, ಇಲ್ಲವೇ ಬೇಗ ಬೇಗ ಕರೆದು ನೋಡಬಹುದು.

ಕಣ್ಣೊಳಗೂ ಔಷಧಿಗಳು ಒಂದಕ್ಕೊಂದು ತಾಗುತ್ತವೆ. ಕೆಟೊರೊಲ್ಯಾಕ್, ನೆಪಾಫೆನ್ಯಾಕ್‌ನಂಥ ನೋವಿನ ಹನಿ ಸ್ಟೀರಾಯ್ಡ್ ಜೊತೆ ಸೇರಿದರೆ ಗಾಯ ಮಾಯುವುದು ನಿಧಾನವಾಗಬಹುದು. ಆಪರೇಷನ್ ನಂತರ ಎರಡನ್ನೂ ಬರೆದುಕೊಡುವುದುಂಟು, ಅದು ಲೆಕ್ಕ ಹಾಕಿ ಕೊಟ್ಟದ್ದು. ಹಳೇ ಬಾಟಲಿ ಹುಡುಕಿ ನಾವೇ ಸೇರಿಸಿಕೊಂಡಾಗ ಆ ಲೆಕ್ಕ ಇರುವುದಿಲ್ಲ.

ಹನಿ ಹಾಕಿದ ಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಬೆರಳಿಂದ ಎರಡು ನಿಮಿಷ ಒತ್ತಿ ಹಿಡಿದರೆ ನಾಳ ಮುಚ್ಚಿ ಮೂಗಿಗೆ ಇಳಿಯುವುದು ಕಡಿಮೆಯಾಗುತ್ತದೆ. ಇನ್ನೊಂದು ಹನಿಗೆ ಕನಿಷ್ಠ ಐದು ನಿಮಿಷ ಬಿಡಿ. ಇದನ್ನು ಓದಿ ಹೆದರಿ ಸ್ಟೀರಾಯ್ಡ್ ಹನಿಯನ್ನು ನೀವೇ ನಿಲ್ಲಿಸಬೇಡಿ. ತಟ್ಟನೆ ಬಿಟ್ಟರೆ ಇಳಿದ ಕೆಂಪು ಮತ್ತೆ ಏರಬಹುದು.